ಈ ಬೆಳೆ ಒಂದು ಆಗ್ಲಿ

ನಮ್ಮ ಮನೆಯಲ್ಲಿ ಯಾರೂ ಸೋಮಾರಿಗಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಮುಂದಕ್ಕೆ ಹಾಕುವವರು ಎಂದರೆ ಜಗಲಿಯ ಮೇಲೆ ಕಾಲು ಚಾಚಿಕೊಂಡು ಬೀಡಿ ಸೇದುವವರು ಎಂದು ಜನ ತಿಳಿದಿದ್ದಾರೆ. ನಮ್ಮ ಯಜಮಾನರು ಕೋಳಿ ಕೂಗುವ ಮೊದಲೇ ಎದ್ದು ತೋಟಕ್ಕೆ ಹೋಗುವವರು. ಅವರು ಮಧ್ಯಾಹ್ನ ಮಲಗಿದ್ದನ್ನು ಮೈ ಬಿಸಿಯಾದಾಗ ಬಿಟ್ಟರೆ ನಾನು ನೋಡಿಲ್ಲ. ಸೋಮಾರಿಯಾಗಿದ್ದರೆ ಬಯ್ಯುವುದು ಸುಲಭವಿತ್ತು. ದುಡಿದು ಬೆನ್ನು ಬಾಗಿದ ಮನುಷ್ಯನನ್ನು, ನೀವು ಮಾಡಬೇಕಾದ ಕೆಲಸ ಮಾಡುವುದಿಲ್ಲ ಎಂದು ಬಯ್ದರೆ ಬಯ್ದವಳೇ ರಾಕ್ಷಸಿ. ಆಗಲಿ. ನಾನು ರಾಕ್ಷಸಿ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕುಂದಾಣದ ಹತ್ತಿರದ ಹಳ್ಳಿ ನಮ್ಮದು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅಂಗಳದ ಆಚೆ ಬದಿಗೆ ಹುಳದ ಮನೆ. ರೇಷ್ಮೆ ಹುಳ ಸಾಕುವ ಆ ಉದ್ದನೆಯ ಕಟ್ಟಡಕ್ಕೆ ನಾವಿರುವ ಮನೆಗಿಂತ ಒಳ್ಳೆಯ ಕಿಟಕಿಗಳಿವೆ, ಸೊಳ್ಳೆ ಪರದೆಯೂ ಇದೆ. ನನ್ನ ತವರು ಬೂದಿಗೆರೆ ಕಡೆ. ಅಲ್ಲಿ ನಾವು ತರಕಾರಿ ಬೆಳೆದು, ಎರಡು ಹಸು ಕಟ್ಟಿ ಬದುಕಿದವರು. ಹುಳದ ಗಂಧಗಾಳಿ ನನಗೆ ಗೊತ್ತಿರಲಿಲ್ಲ.

ಹೊಸ ಸೊಸೆಗೆ ಈ ಮನೆಯಲ್ಲಿ ಮೊದಲು ಕಲಿಸಿದ್ದು ಹುಳಕ್ಕೆ ಏನೇನು ಆಗುವುದಿಲ್ಲ ಎಂಬುದನ್ನು. ಒಗ್ಗರಣೆಯ ಘಾಟು ಆಗಲ್ಲ. ಊದುಬತ್ತಿ ಆಗಲ್ಲ, ಸೊಳ್ಳೆ ಬತ್ತಿ ಆಗಲ್ಲ. ಮುಖಕ್ಕೆ ಪೌಡರ್ ಹಚ್ಚಿಕೊಂಡು ಒಳಗೆ ಹೋಗುವಂತಿಲ್ಲ. ಹೊರಗಿನವರು ಕಾಲಿಡುವಂತಿಲ್ಲ, ಅವರ ಕಾಲಿಂದ ರೋಗ ಬರುತ್ತದೆ, ಕಣ್ಣಿಂದ ದೃಷ್ಟಿ ಬೀಳುತ್ತದೆ. ತಿಂಗಳಲ್ಲಿ ಮೂರು ದಿನ ನಾನೂ ಹೊರಗಿನವಳೇ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಆಗ ಕೇಳಲಿಲ್ಲ. ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಬಾಮು ಆಗಲ್ಲ. ನಮ್ಮತ್ತೆಗೆ ಮಂಡಿ ನೋವು ಹಳೆಯದು. ನನ್ನ ತಮ್ಮ ಒಮ್ಮೆ ಬಂದವನು ಅವರು ಗೋಡೆ ಹಿಡಿದು ಏಳುವುದನ್ನು ನೋಡಿ, ಮುಂದಿನ ಸಲ ಒಂದು ಬಾಮಿನ ಸೀಸೆ ತಂದುಕೊಟ್ಟ. ಅತ್ತೆ ಅದನ್ನು ಮೂಸಿಯೂ ನೋಡಲಿಲ್ಲ. ಬೀರುವಿನ ತಲೆಯ ಮೇಲೆ ಇಡಿಸಿ, ಈ ಬೆಳೆ ಒಂದು ಆಗಲಿ, ಆಮೇಲೆ ಹಚ್ಚಿಕೊಳ್ಳುತ್ತೇನೆ ಎಂದರು. ಸೀಸೆ ಅಲ್ಲೇ ಕೂತಿತು. ಅದರ ಮೇಲಿನ ಚೀಟಿಯ ಬಣ್ಣ ಹೋಯಿತು, ಧೂಳು ಹಿಡಿಯಿತು. ನಾನು ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿಯುವಾಗ ತೆಗೆದು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ.

ಬೆಳೆ ಎಂದರೆ ಏನೆಂದು ಹೇಳಬೇಕು. ಮರಿಹುಳ ಸಾಕಿ ಮಾರುವ ಚಾಕಿ ಮನೆಯಿಂದ ಹುಳ ತಂದ ದಿನದಿಂದ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವ ತನಕ ಒಂದು ಬೆಳೆ. ಅದು ಮುಗಿದರೆ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು, ಸುಣ್ಣ ಹೊಡೆಯಬೇಕು, ಒಣಗಿಸಬೇಕು. ಒಣಗುವಷ್ಟರಲ್ಲಿ ತೋಟದ ಇನ್ನೊಂದು ಭಾಗದ ಸೊಪ್ಪು ಕೊಯ್ಲಿಗೆ ಬಂದಿರುತ್ತದೆ, ಚಾಕಿ ಮನೆಗೆ ಮೊದಲೇ ಹೇಳಿಟ್ಟಿರುತ್ತಾರೆ, ಮತ್ತೆ ಹುಳ ಬರುತ್ತದೆ. ಅಂದರೆ ಈ ಬೆಳೆ ಆದ ಮೇಲೆ ಎಂಬ ದಿನ ನಮ್ಮ ಪಂಚಾಂಗದಲ್ಲೇ ಇಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎನ್ನುತ್ತಾರಲ್ಲ, ಹಾಗೆ. ದೆವ್ವ ಬರದಿರಲಿ ಎಂದು ಊರ ಜನ ಹಿಂದೆ ಬಾಗಿಲ ಮೇಲೆ ನಾಳೆ ಬಾ ಎಂದು ಬರೆಯುತ್ತಿದ್ದರಂತೆ. ನಮ್ಮ ಮನೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಬಂದ ಕಷ್ಟಕ್ಕೂ ಸುಖಕ್ಕೂ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು.

ಬಚ್ಚಲ ಮನೆಯ ಬಾಗಿಲಿಗೆ ಚಿಲಕ ಮುರಿದು ಎಷ್ಟೋ ವರ್ಷವಾಗಿತ್ತು. ಒಳಗಿನಿಂದ ಒಂದು ದಾರ ಕಟ್ಟಿ ಮೊಳೆಗೆ ಸುತ್ತಿಕೊಂಡು ಸ್ನಾನ ಮಾಡಬೇಕು. ಒಂದು ಕೈಯಲ್ಲಿ ತಂಬಿಗೆ, ಕಣ್ಣು ದಾರದ ಮೇಲೆ. ನನ್ನ ಮಗಳು ದೊಡ್ಡವಳಾಗಿ, ಮದುವೆಯಾಗಿ ನೆಲಮಂಗಲಕ್ಕೆ ಹೋಗುವವರೆಗೂ ಆ ದಾರವೇ. ಚಿಲಕ ಹಾಕಿಸಿ ಎಂದಾಗಲೆಲ್ಲ ಅದೇ ಮಾತು, ಈ ಬೆಳೆ ಒಂದು ಆಗ್ಲಿ. ತಮ್ಮನ ಮನೆಯ ಗೃಹಪ್ರವೇಶಕ್ಕೆ ನಾನು ಊಟದ ಹೊತ್ತಿಗೆ ಹೋಗಿ ಎಲೆ ಎತ್ತುವ ಮೊದಲೇ ವಾಪಸ್ಸು ಬಂದವಳು. ಅಮ್ಮ ಬಾಗಿಲ ತನಕ ಬಂದು, ನಿಮ್ಮ ಹುಳಕ್ಕೆ ನೀನೇ ಹೆತ್ತ ತಾಯೇನೇ ಎಂದು ಕೇಳಿದ್ದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಇಷ್ಟೆಲ್ಲ ನುಂಗಿಕೊಂಡು ಹೋಗಬಹುದಿತ್ತು. ಅತ್ತೆಯ ಕಣ್ಣನ್ನು ನುಂಗಲಾಗಲಿಲ್ಲ.

ಹುಳ ಹಣ್ಣಾಗುವ ದಿನ ಅತ್ತೆಯನ್ನು ನೋಡಬೇಕಿತ್ತು. ಸೊಪ್ಪು ತಿಂದು ತಿಂದು ಕೊಬ್ಬಿದ ಹುಳ ಒಂದು ದಿನ ತಿನ್ನುವುದನ್ನು ಬಿಡುತ್ತದೆ. ಮೈ ಸಣ್ಣಗಾಗಿ, ಬಿಳುಪು ಹೋಗಿ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಅದೇ ಹಣ್ಣು. ಆ ಹೊತ್ತಿಗೇ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು; ಚಂದ್ರಿಕೆ ಎಂದರೆ ಗೂಡು ಕಟ್ಟಲು ಸುತ್ತು ಸುತ್ತಾಗಿ ಹೆಣೆದ ಬಿದಿರಿನ ತಟ್ಟಿ. ತಡ ಮಾಡಿದರೆ ಹುಳ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅವಸರ ಮಾಡಿ ಕಾಯಿ ಹುಳ ಬಿಟ್ಟರೆ ಅದು ಚಂದ್ರಿಕೆಯ ಮೇಲೆಲ್ಲ ಹರಿದಾಡಿ ಗಲೀಜು ಮಾಡಿ ಪಕ್ಕದ ಗೂಡಿಗೂ ಕಲೆ ಹಿಡಿಸುತ್ತದೆ. ಅತ್ತೆ ಎರಡೂ ಕೈಯಲ್ಲಿ ಆರಿಸುತ್ತಿದ್ದರು. ಕತ್ತೆತ್ತದೆ, ಮಾತಾಡದೆ, ಅನುಮಾನವಿಲ್ಲದೆ. ಅವರು ಬಿಟ್ಟ ಚಂದ್ರಿಕೆಯಲ್ಲಿ ಒಂದು ಕಾಯಿ ಹುಳ ಇರುತ್ತಿರಲಿಲ್ಲ. ಊರಿನಲ್ಲಿ ಅದಕ್ಕೆ ಹೆಸರಾಗಿದ್ದರು, ಆ ಹೆಸರಿನ ಮೇಲೆ ಅವರಿಗೆ ಆಸೆಯೂ ಇತ್ತು.

ಅವರಿಗೆ ಕಾಣುತ್ತಿಲ್ಲ ಎಂದು ನನಗೆ ಗೊತ್ತಾದದ್ದು ಅವರೆಕಾಯಿ ಕಾಲದಲ್ಲಿ. ನೆನೆಸಿದ ಕಾಳನ್ನು ಹಿತುಕುತ್ತಾ ಕೂತಿದ್ದೆವು. ಅತ್ತೆ ಕಾಳನ್ನು ಸಿಪ್ಪೆಯ ಮೊರಕ್ಕೆ ಹಾಕುತ್ತಿದ್ದಾರೆ, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದಾರೆ. ಕೇಳಿದ್ದಕ್ಕೆ, ಮಾತಾಡ್ತಾ ಮರೆತೆ ಎಂದರು. ನಾವು ಮಾತೇ ಆಡಿರಲಿಲ್ಲ. ಆಮೇಲೆ ಗಮನಿಸಿದರೆ ಕಾಫಿ ಲೋಟದ ಪಕ್ಕಕ್ಕೆ ಬೀಳುತ್ತಿದೆ, ಅಂಗಳದಲ್ಲಿ ಯಾರು ಬಂದರೂ ಮಾತಾಡಿಸುವ ತನಕ ಗುರುತು ಹಿಡಿಯುವುದಿಲ್ಲ, ದೀಪ ನೋಡಿದರೆ ಸುತ್ತ ಬಳೆ ಬಳೆ ಕಾಣುತ್ತದೆ ಎನ್ನುತ್ತಾರೆ.

ಆವತ್ತೇ ಯಜಮಾನರಿಗೆ ಹೇಳಿದೆ. ದೊಡ್ಡಬಳ್ಳಾಪುರದಲ್ಲಿ ಕಣ್ಣಿನ ಆಸ್ಪತ್ರೆ ಇದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ವಾಪಸ್ಸು. ಅವರು ಸೊಪ್ಪಿನ ಹೊರೆ ಇಳಿಸುತ್ತಾ, ಮುಖವನ್ನೂ ತಿರುಗಿಸದೆ, "ಈ ಬೆಳೆ ಒಂದು ಆಗ್ಲಿ ಇರು" ಎಂದರು. ಆ ಬೆಳೆ ಆಯಿತು. ಮುಂದಿನದೂ ಆಯಿತು. ಅತ್ತೆಯಾದರೂ ಹಟ ಹಿಡಿದರೇ? ಅವರದು ಇನ್ನೊಂದು ರಾಗ.

"ಪೊರೆ ಬಲೀಬೇಕಂತೆ ಕಣಮ್ಮ. ಎಳೇದಿದ್ದಾಗ ಕಿತ್ರೆ ತಿರ್ಗಾ ಬೆಳೀತದಂತೆ."

ಯಾರು ಹೇಳಿದರು ಎಂದರೆ, ಹಿಂದಿನಿಂದ ಹೇಳ್ತಾರೆ. ಅವರ ಅಮ್ಮನಿಗೆ ಯಾವುದೋ ಕಾಲದಲ್ಲಿ ಯಾರೋ ಹೇಳಿದ್ದಂತೆ. ಈಗ ಹಾಗಿಲ್ಲ ಅತ್ತೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದಂತೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹುಳ ಒಂದು ಗಳಿಗೆ ತಡವಾದರೆ ಕೆಡುತ್ತದೆ ಎಂದು ಗೊತ್ತಿದ್ದವರಿಗೆ, ಕಣ್ಣು ಮಾತ್ರ ಕಾದಷ್ಟೂ ಒಳ್ಳೆಯದು ಎಂಬ ನಂಬಿಕೆ. ಒಂದು ಸಲ ನಾನೇ ರೆಡಿ ಮಾಡಿ ಬಸ್‌ಸ್ಟಾಪಿನ ತನಕ ಕರೆದುಕೊಂಡು ಹೋದೆ. ಬಸ್ಸು ಬರುವ ಮೊದಲು ಯಜಮಾನರ ಗಾಡಿ ಬಂತು. ಮಳೆ ಮೋಡ ಹಾಕಿದೆ, ಸೊಪ್ಪು ನೆನೆದರೆ ಹುಳಕ್ಕೆ ಹಾಕುವಂತಿಲ್ಲ, ಈಗಲೇ ಕೊಯ್ಯಬೇಕು ಎಂದರು. ಅತ್ತೆ ನನಗಿಂತ ಮೊದಲು ಗಾಡಿ ಹತ್ತಿ ಕೂತರು. ಮಳೆ ಬರಲಿಲ್ಲ.

ಕಡೆಗೆ ಆ ಕಣ್ಣು ಹುಳದ ಮನೆಯಲ್ಲೇ ಕೈ ಕೊಟ್ಟಿತು. ಮಳೆಗಾಲದ ಒಂದು ಬೆಳೆ, ಹುಳ ಹಣ್ಣಾಗಿತ್ತು. ಅತ್ತೆ ಎಂದಿನಂತೆ ಎರಡೂ ಕೈಯಲ್ಲಿ ಆರಿಸುತ್ತಿದ್ದರು. ಸಂಜೆಯ ಹೊತ್ತಿಗೆ ನೋಡಿದರೆ ಅವರು ತುಂಬಿದ ಚಂದ್ರಿಕೆಗಳಲ್ಲಿ ಕಾಯಿ ಹುಳಗಳೇ ಹರಿದಾಡುತ್ತಿವೆ; ಹಣ್ಣು ಹುಳಗಳು ಕೆಳಗೆ ಕಸದಲ್ಲಿ ನೂಲು ಬಿಡುತ್ತಿವೆ. ಯಜಮಾನರು ಒಂದು ಚಂದ್ರಿಕೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಗೋಡೆಗೆ ಒರಗಿಸಿ, ತಾಯಿಯ ಕಡೆ ತಿರುಗಿದರು.

"ಕಣ್ಣು ಕಾಣ್ದಿದ್ರೆ ಒಳಕ್ಕೆ ಯಾಕ್ ಬತ್ತೀಯ? ಹೊರಗಡೆ ಕೂತ್ಕೋಬಾರ್ದಾ?"

ಅತ್ತೆಯ ಕೈಯಲ್ಲಿ ಇನ್ನೂ ಎರಡು ಹುಳಗಳಿದ್ದವು. ಅವನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ನಿಂತಿದ್ದರು. ಗಂಡನಿಗೆ ಎದುರು ಮಾತಾಡಿದ್ದು ಅದೇ ಮೊದಲಲ್ಲ, ಆದರೆ ಹುಳದ ಮನೆಯೊಳಗೆ ದನಿ ಎತ್ತಿದ್ದು ಅದೇ ಮೊದಲು.

"ಅವ್ರಿಗೆ ಕಣ್ಣು ಕಾಣಲ್ಲ ಅಂತ ನಾನು ಹೇಳ್ದಾಗ ನಿಮ್ಗೆ ಕೇಳಿಸ್ಲಿಲ್ಲ. ಹುಳ ಕೆಟ್ಮೇಲೆ ಕೇಳಿಸ್ತಾ?"

ಯಜಮಾನರು ಬಗ್ಗಿ ಕಸದಿಂದ ಹಣ್ಣು ಹುಳ ಆರಿಸತೊಡಗಿದರು. ನಾನೂ ಬಗ್ಗಿ ಆರಿಸಿದೆ. ಬಿಡುವಂತಿರಲಿಲ್ಲವಲ್ಲ. ಅದೇ ನನಗೆ ಹೇಸಿಗೆ ಹುಟ್ಟಿಸಿದ್ದು. ಜಗಳವನ್ನೂ ಪೂರ್ತಿ ಆಡಲು ಬಿಡದ ಹುಳ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಕೂತರು. ಏರ್‌ಪೋರ್ಟಿಗೆ ಇಳಿಯುವ ವಿಮಾನ ತಲೆಯ ಮೇಲೆ ಹೋದರೂ ಕತ್ತೆತ್ತಲಿಲ್ಲ.

ಅಷ್ಟಾದ ಮೇಲಾದರೂ ಹೋದೆವೇ? ಇಲ್ಲ. ಕೆಟ್ಟ ಬೆಳೆಯನ್ನು ಮುಂದಿನ ಬೆಳೆಯಲ್ಲಿ ಸರಿದೂಗಿಸಬೇಕಿತ್ತು. ಆ ಮುಂದಿನ ಬೆಳೆಯ ನಡುವೆ, ಹುಳ ಕಡೆಯ ಜ್ವರದಿಂದ ಎದ್ದಾಗ, ಅತ್ತೆಗೆ ತಲೆನೋವು ಶುರುವಾಯಿತು. ಚರ್ಮ ಕಳಚುವ ಮೊದಲು ಹುಳ ತಿನ್ನದೆ ಅಲ್ಲಾಡದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕಡೆಯ ಜ್ವರದಿಂದ ಎದ್ದ ಹುಳ ಬಕಾಸುರ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಅತ್ತೆಯ ಎಡಗಣ್ಣು ಕೆಂಪಾಗಿತ್ತು, ಎರಡು ಸಲ ವಾಂತಿ ಮಾಡಿಕೊಂಡಿದ್ದರು. ಪಿತ್ತ ಎಂದರು. ನಿಂಬೆಹಣ್ಣು ಮೂಸುತ್ತಾ, ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದರು. ಹಣೆಗಾದರೂ ಬಾಮು ಹಚ್ಚುತ್ತೇನೆ ಎಂದು ಬೀರುವಿನ ಕಡೆ ಹೋದರೆ, ನನ್ನ ಸೆರಗು ಹಿಡಿದು ಎಳೆದರು. ಹುಳ ಐತೆ, ಬೇಡ.

ಹುಳ ಗೂಡು ಕಟ್ಟಿದ ಮೇಲೆ ಹೋದೆವು. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿದರು, ಯಂತ್ರಕ್ಕೆ ಗಲ್ಲ ಇಡಿಸಿ ನೋಡಿದರು, ಕೈ ಅಡ್ಡ ಹಿಡಿದು ಕಾಣುತ್ತಾ ಎಂದು ಕೇಳಿದರು. ಆಮೇಲೆ ನನ್ನನ್ನು ಕರೆದು ಕೂರಿಸಿ, ಪೊರೆ ಬಲಿತು ಊದಿಕೊಂಡು ಒಳಗೆ ಒತ್ತಡ ಏರಿದೆ, ನರ ಸತ್ತುಹೋಗಿದೆ, ಈ ಕಣ್ಣಿಗೆ ಇನ್ನು ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಎಂದರು. ನೋವು ಶುರುವಾದ ದಿನವೇ ಬಂದಿದ್ದರೆ ಉಳಿಸಲು ನೋಡಬಹುದಿತ್ತಂತೆ. ಅದಕ್ಕೂ ಮೊದಲೇ ಬಂದಿದ್ದರೆ ಏನೂ ಆಗುತ್ತಲೇ ಇರಲಿಲ್ಲವಂತೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು.

"ಬೆಳೆ ಇತ್ತು ತಾಯಿ."

ಎಷ್ಟು ಸಹಜವಾಗಿ ಹೇಳಿದರು ಎಂದರೆ, ಮನೆಯಲ್ಲಿ ಸಾವಾಗಿತ್ತು ಎಂದು ಹೇಳುವವರೂ ಅಷ್ಟು ನೆಮ್ಮದಿಯಿಂದ ಹೇಳುವುದಿಲ್ಲ. ಅದನ್ನು ಯಾರೂ ಪ್ರಶ್ನೆ ಮಾಡಲಾರರು ಎಂಬ ಧೈರ್ಯ ಆ ದನಿಯಲ್ಲಿತ್ತು. ನನಗೆ ಅಲ್ಲೇ ಕಿರುಚಬೇಕೆನಿಸಿತು. ಡಾಕ್ಟರ ಮೇಲಲ್ಲ, ಗಂಡನ ಮೇಲೂ ಅಲ್ಲ, ಈ ಮುದುಕಿಯ ಮೇಲೆ. ತನ್ನ ಕಣ್ಣನ್ನು ತಾನೇ ಹುಳಕ್ಕೆ ಸೊಪ್ಪಿನ ಹಾಗೆ ಹಾಕಿ ಕೂತವಳ ಮೇಲೆ. ಅವರು ಪಕ್ಕದಲ್ಲಿ ಪುಟ್ಟದಾಗಿ ಕೂತು ಸೆರಗಿನ ತುದಿಯಿಂದ ಆ ಕಣ್ಣನ್ನೇ ಒರೆಸಿಕೊಳ್ಳುತ್ತಿದ್ದರು. ಕಿರುಚಲಿಲ್ಲ.

ಬಲಗಣ್ಣಿನಲ್ಲೂ ಪೊರೆ ಇತ್ತು, ಆದರೆ ನರ ಚೆನ್ನಾಗಿತ್ತು. ಬೇಗ ಮಾಡಿಸಬೇಕು ಎಂದರು. ರಕ್ತ ಪರೀಕ್ಷೆ, ಬಿಪಿ, ಶುಗರ್ ಎಲ್ಲ ನೋಡಿ ಶುಗರ್ ಸ್ವಲ್ಪ ಇಳಿಯಲಿ ಎಂದು ಮಾತ್ರೆ ಕೊಟ್ಟು, ಮುಂದಿನ ತಿಂಗಳಿಗೆ ಒಂದು ದಿನ ಗೊತ್ತು ಮಾಡಿ ಕಳಿಸಿದರು. ಮನೆಗೆ ಬಂದು ಹೇಳಿದೆ. ಎಡಗಣ್ಣು ಹೋಯಿತು ಎಂದಾಗ ಯಜಮಾನರು ಕೂತಲ್ಲಿಂದ ಎದ್ದು ತೋಟಕ್ಕೆ ಹೋದರು. ಕತ್ತಲಾದ ಮೇಲೆ ಬಂದು ಊಟ ಮಾಡದೆ ಮಲಗಿದರು. ಪಾಪ ಅನ್ನಿಸಿತು. ಆ ಪಾಪ ಹೆಚ್ಚು ದಿನ ಉಳಿಯಲಿಲ್ಲ. ಚಾಕಿ ಮನೆಗೆ ಮೊದಲೇ ಹೇಳಿಟ್ಟಿದ್ದರು, ಹುಳ ಬಂತು. ಹುಳ ಬಂದ ದಿನ ರಾತ್ರಿ ಊಟಕ್ಕೆ ಕೂತವರು ಬೆರಳು ಮಡಚಿ ಲೆಕ್ಕ ಹಾಕಿ, ತಟ್ಟೆಯಿಂದ ತಲೆ ಎತ್ತಿದರು.

"ಆಪ್ರೇಸನ್ ದಿನಾನೇ ಹುಳ ಹಣ್ಣಾಗ್ತದೆ. ಡಾಕ್ಟ್ರಿಗೆ ಹೇಳಿ ಒಂದು ವಾರ ಮುಂದಕ್ಕೆ ಹಾಕ್ಸು."

ಸಾರಿನ ಸೌಟು ನನ್ನ ಕೈಯಲ್ಲಿತ್ತು. ಅದನ್ನು ಪಾತ್ರೆಗೆ ಬಿಟ್ಟು ಹೇಳಿದೆ.

"ಹುಳಕ್ಕೆ ಹೇಳಿ, ಒಂದು ವಾರ ಮುಂದಕ್ಕೆ ಹಾಕ್ಕೊಳ್ಳಿ ಅಂತ."

ಹುಳ ಕೇಳ್ತದಾ ಎಂದರು. ಕೇಳಲ್ಲ ಅಲ್ಲವಾ, ಹಾಗೇ ನಾನೂ ಕೇಳಲ್ಲ ಎಂದೆ. ಆಮೇಲೆ ದಿನಾ ಅದೇ ರಗಳೆ. ಮೊದಲು ಬೇಡಿಕೊಂಡರು, ಆಮೇಲೆ ರೇಗಿದರು, ಆಮೇಲೆ ಮಾತು ಬಿಟ್ಟರು. ಹಣ್ಣು ಹುಳ ಆರಿಸಲು ಎದುರು ಮನೆಯವರನ್ನು ಮುಯ್ಯಾಳು ಕರೆಯಿರಿ, ಅವರ ಕಳೆ ಕೀಳುವ ದಿನ ನಾವು ಹೋಗಿ ಮುಯ್ಯಿ ತೀರಿಸೋಣ ಎಂದೆ. ಊರಿನಲ್ಲಿ ಎಲ್ಲರೂ ಹೊಲದ ಕೆಲಸಕ್ಕೆ ಹಾಗೆಯೇ ಮಾಡುವುದು. ಆದರೆ ಹುಳದ ಮನೆಗೆ ಹೊರಗಿನವರೇ? ದೃಷ್ಟಿಯಾಗಿ ಗೂಡೇ ಕಟ್ಟುವುದಿಲ್ಲ ಎಂದರು. ಅತ್ತೆಯೂ ಮಗನ ಕಡೆಯೇ. ಇನ್ನೊಂದು ಕಣ್ಣು ಐತಲ್ಲ, ಎಲ್ಲಿಗೆ ಓಡ್ತದೆ ಎಂದರು. ಅವತ್ತು ನಾನು ಅತ್ತೆಯ ಎದುರಿಗೆ ಕೂತು, ಅವರ ಬಲಗಣ್ಣನ್ನು ನನ್ನ ಕೈಯಿಂದ ಮುಚ್ಚಿ, ಈಗ ಏನು ಕಾಣುತ್ತದೆ ಹೇಳಿ ಎಂದು ಕೇಳಿದೆ. ಕೈ ತೆಗೆಯೇ, ಭಯ ಆಯ್ತದೆ ಎಂದರು. ನಾನು ಮಾಡಿದ್ದು ಒರಟು ಕೆಲಸ. ಮೃದುವಾಗಿ ಹೇಳಿ ಹೇಳಿ ಒಂದು ಕಣ್ಣು ಹೋಗಿತ್ತು.

ಆ ದಿನ ಬಂತು. ಹುಳ ಅವರ ಲೆಕ್ಕ ತಪ್ಪಿಸಲಿಲ್ಲ. ಬೆಳಿಗ್ಗೆ ಹುಳದ ಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಕಡಿಮೆಯಾಗಿತ್ತು, ಅಲ್ಲೊಂದು ಇಲ್ಲೊಂದು ಹುಳ ಆಗಲೇ ತಲೆ ಆಡಿಸುತ್ತಿತ್ತು. ನಾನು ಅತ್ತೆಗೆ ಒಗೆದ ಸೀರೆ ಉಡಿಸಿ, ತಲೆ ಬಾಚಿ, ಚೀಲ ಹಿಡಿದು ಅಂಗಳಕ್ಕೆ ಬಂದೆ. ಯಜಮಾನರು ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದರು. ಬಯ್ಯಲಿಲ್ಲ, ತಡೆಯಲಿಲ್ಲ. ಈ ಬೆಳೆ ಹೋಯ್ತು ಎಂದಷ್ಟೇ ಹೇಳಿದರು. ಅದು ಬಯ್ಗುಳಕ್ಕಿಂತ ಕೆಟ್ಟದಾಗಿ ತಾಗಿತು. ಅತ್ತೆಯ ಕಾಲು ಅಲ್ಲೇ ನಿಂತಿತು. ನಾನು ಅವರ ರಟ್ಟೆ ಹಿಡಿದು ನಡೆಸಿದೆ, ಹೆಚ್ಚು ಕಡಿಮೆ ಎಳೆದೆ ಅನ್ನಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಮಡಿಲಲ್ಲಿ ಎರಡೂ ಕೈಯ ಬೆರಳು ಆಡಿಸುತ್ತಲೇ ಇದ್ದರು. ಏನೆಂದು ಮೊದಲು ತಿಳಿಯಲಿಲ್ಲ. ಹುಳ ಆರಿಸುತ್ತಿದ್ದರು.

ಅವರನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದ ಮೇಲೆ ಕೂರಲು ಆಗಲಿಲ್ಲ. ಕೈ ಕಾಲಿಗೆ ಏನಾದರೂ ಕೆಲಸ ಬೇಕಿತ್ತು. ಆಸ್ಪತ್ರೆಯ ಎದುರಿಗೇ ಒಂದು ಹಾರ್ಡ್‌ವೇರ್ ಅಂಗಡಿ. ಹೋಗಿ ಒಂದು ಚಿಲಕ, ನಾಲ್ಕು ಸ್ಕ್ರೂ ತಂದು ಚೀಲಕ್ಕೆ ಹಾಕಿಕೊಂಡೆ. ಅಂಗಡಿಯವನು ಎಂಥ ಬಾಗಿಲಿಗೆ ಎಂದು ಕೇಳಿದ. ಬಚ್ಚಲಿಗೆ ಎಂದೆ. ಅಷ್ಟೇ ಕೆಲಸ. ಇಷ್ಟು ವರ್ಷ ನನ್ನ ಮಗಳು ದಾರ ಹಿಡಿದುಕೊಂಡು ಸ್ನಾನ ಮಾಡಿದ್ದು ಈ ಎರಡು ಮಾತಿನ ವ್ಯಾಪಾರಕ್ಕೆ ಯಾರಿಗೂ ಬಿಡುವಿಲ್ಲದೆ. ಯಾರಿಗೂ ಎಂದರೆ ನನಗೂ ಸೇರಿಸಿ. ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಅಂಗಡಿಯವನ ಮೇಲೆ ಚಿಲ್ಲರೆಗೆ ರೇಗಿದೆ.

ಆಪರೇಷನ್ ಚೆನ್ನಾಗಿ ಆಯಿತು. ರಾತ್ರಿ ದೊಡ್ಡಬಳ್ಳಾಪುರದಲ್ಲೇ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮಾರನೆಯ ದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿಸಿ, ಕಪ್ಪು ಕನ್ನಡಕ ಹಾಕಿಸಿಕೊಂಡು ಊರಿಗೆ ಬಂದೆವು. ದಾರಿಯಲ್ಲಿ ಅತ್ತೆ ಬೋರ್ಡುಗಳ ಬಣ್ಣ ಹೇಳುತ್ತಾ ಬಂದರು. ನಾನು ಮನೆಯಲ್ಲಿ ಕಾದಿರುವ ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಬೆಳೆ ಹೋಯಿತಾ, ಹೋಗಲಿ, ಒಂದು ಕಣ್ಣಿಗಿಂತ ಹೆಚ್ಚಾ ಎಂದು ಕೇಳಬೇಕೆಂದಿದ್ದೆ. ಚೆನ್ನಾಗಿ ಮಸೆದಿಟ್ಟುಕೊಂಡಿದ್ದೆ.

ಆ ಮಾತು ಬೇಕಾಗಲೇ ಇಲ್ಲ. ಹುಳದ ಮನೆಯ ಹೊರಗೆ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಹುಳ ಮೈ ಸುತ್ತ ತೆಳ್ಳಗೆ ನೂಲು ಸುತ್ತಿಕೊಂಡು ಗೂಡು ಕಟ್ಟುತ್ತಿತ್ತು. ನಾವು ಬಸ್ಸು ಹತ್ತಿದ ಮೇಲೆ ಯಜಮಾನರು ಸ್ವಲ್ಪ ಹೊತ್ತು ಒಬ್ಬರೇ ಆರಿಸಿದ್ದಾರೆ, ಆಗದಿದ್ದಾಗ ಹೋಗಿ ಎದುರು ಮನೆಯ ಅಕ್ಕನನ್ನು ಕರೆದಿದ್ದಾರೆ. ಆಕೆ ತನ್ನ ಇಬ್ಬರು ಸೊಸೆಯರನ್ನೂ ಕರೆದುಕೊಂಡು ಬಂದಿದ್ದಾಳೆ. ಹೊರಗಿನ ಮೂವರು ಹೆಂಗಸರು ಹುಳದ ಮನೆಯೊಳಗೆ ನಿಂತು, ನಗುತ್ತಾ ಮಾತಾಡುತ್ತಾ, ಊಟದ ಹೊತ್ತಿಗೆ ಮುಕ್ಕಾಲು ಪಾಲು ಮುಗಿಸಿದ್ದಾರೆ. ಯಾರ ಕಾಲಿಂದಲೂ ರೋಗ ಬರಲಿಲ್ಲ. ಯಾರ ಕಣ್ಣೂ ಬೀಳಲಿಲ್ಲ. ಹುಳ ಯಾರು ಎತ್ತಿಟ್ಟರೂ ಗೂಡು ಕಟ್ಟುತ್ತದೆ, ಅದಕ್ಕೇನು ಗೊತ್ತು ಇದು ನಮ್ಮತ್ತೆಯ ಕೈ, ಇದು ಎದುರು ಮನೆಯವಳ ಕೈ ಎಂದು.

ಬೆಳೆ ಕೆಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಿಜವಾಗಿ ಹೇಳುತ್ತೇನೆ, ಕೆಟ್ಟಿರಲಿ ಎಂದು ಒಳಗೊಳಗೆ ಬಯಸಿದ್ದೆ. ಕೆಟ್ಟಿದ್ದರೆ ಇಷ್ಟು ವರ್ಷ ನಾವು ಕಾದದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಆ ಸಾಲು ಚಂದ್ರಿಕೆಗಳನ್ನು ನೋಡುತ್ತಾ ನನಗೆ ಬಂದ ಸಿಟ್ಟು ಅದುವರೆಗೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಯಜಮಾನರು ಬಾಗಿಲಲ್ಲಿ ನಿಂತು, ಗೂಡು ಪರವಾಗಿಲ್ಲ, ಚೆನ್ನಾಗಿ ಕಟ್ತಾವೆ ಎಂದರು. ಮುಖದಲ್ಲಿ ಸಮಾಧಾನವಿತ್ತು. ಆ ಸಮಾಧಾನ ಕಂಡು ನನಗೆ ಮೈಯೆಲ್ಲ ಉರಿಯಿತು. ನಾನು ಒಳಗೆ ಹೋಗಿ ಚೀಲ ಇಟ್ಟೆ.

ಕಿಟಕಿಯಿಂದ ನೋಡಿದರೆ ಅತ್ತೆ ಒಂದು ಚಂದ್ರಿಕೆಯ ಮುಂದೆ ನಿಂತಿದ್ದರು. ಕನ್ನಡಕ ಮೇಲಕ್ಕೆ ಎತ್ತಿ, ಒಂದೇ ಕಣ್ಣಿನಲ್ಲಿ, ಸುತ್ತು ಸುತ್ತಾಗಿ ಹುಳಗಳನ್ನು ನೋಡುತ್ತಿದ್ದರು. ಕಾಯಿ ಹುಳ ಹುಡುಕುತ್ತಿದ್ದಾರೆ ಎಂದುಕೊಂಡೆ. ಕನ್ನಡಕ ತೆಗೆಯಬಾರದು ಎಂದು ಹೇಳಲು ಹೊರಗೆ ಬಂದೆ. ನನ್ನ ಹೆಜ್ಜೆ ಕೇಳಿ ತಿರುಗದೆಯೇ ಮಾತಾಡಿದರು.

"ನಾನಿಲ್ದೇನೂ ಆಯ್ತಲ್ಲೇ ಇದು."

ಹೂಂ ಅತ್ತೆ, ಆಯ್ತು ಎಂದೆ.

"ಹಂಗಾರೆ ಆ ಕಣ್ಣು ಹೋಗ್ದೇ ಇದ್ರೂ ಆಗ್ತಿತ್ತು."

ಕನ್ನಡಕವನ್ನು ಅವರ ಮೂಗಿನ ಮೇಲೆ ಸರಿಯಾಗಿ ಕೂರಿಸಿ ಒಳಗೆ ಕರೆದುಕೊಂಡು ಬಂದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನು ಆ ಸಂಜೆ ಬಚ್ಚಲ ಬಾಗಿಲಿಗೆ ಚಿಲಕ ಹಾಕಿದೆ. ಬಡಗಿಯನ್ನು ಕಾಯಲಿಲ್ಲ, ಯಜಮಾನರನ್ನು ಕೇಳಲಿಲ್ಲ. ಸ್ಕ್ರೂ ಸ್ವಲ್ಪ ಸೊಟ್ಟಗೆ ಕೂತಿದೆ, ಇರಲಿ. ಕಾಫಿ ಕಾಯಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಹಳೆಯ ದಾರವನ್ನು ಬಿಚ್ಚಿ ಒಲೆಗೆ ಹಾಕಿದೆ.

ಮುಂದಿನ ಬೆಳೆ ಬಂತು. ಬರದೆ ಎಲ್ಲಿ ಹೋಗುತ್ತದೆ? ಹುಳ ಕಡೆಯ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದ ದಿನ, ಸಾಯಂಕಾಲ, ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬೀರುವಿನ ಮೇಲಿಂದ ಆ ಸೀಸೆ ತೆಗೆದುಕೊಡು ಎಂದು ನನ್ನನ್ನು ಕೇಳಿದರು. ಯಾವ ಸೀಸೆ ಎಂದು ನಾನು ಕೇಳಲಿಲ್ಲ. ಮುಚ್ಚಳ ಎಷ್ಟೋ ವರ್ಷದಿಂದ ಕಚ್ಚಿಕೊಂಡಿತ್ತು. ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿ ತೆಗೆದೆ. ಒಳಗೆ ಬಾಮು ಅರ್ಧ ಒಣಗಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಅತ್ತೆ ಬೆರಳಲ್ಲಿ ಕೆರೆದು ತೆಗೆದು ಎರಡೂ ಮಂಡಿಗೆ ನಿಧಾನವಾಗಿ ತಿಕ್ಕಿಕೊಳ್ಳತೊಡಗಿದರು. ಘಾಟು ಪಡಸಾಲೆ ತುಂಬಿ ಅಂಗಳಕ್ಕೂ ಹೋಯಿತು.

ಯಜಮಾನರು ಸೊಪ್ಪಿನ ಹೊರೆ ಹೊತ್ತು ಬಂದವರು ಅಂಗಳದಲ್ಲೇ ನಿಂತರು. ಮೂಗು ಅರಳಿತು. ಬಾಗಿಲಿಗೆ ಬಂದು ತಾಯಿಯ ಮಂಡಿ ನೋಡಿದರು, ಸೀಸೆ ನೋಡಿದರು.

"ಅಮ್ಮ, ಹುಳ ಐತೆ."

ಅತ್ತೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಕತ್ತೆತ್ತಿ, ಉಳಿದ ಒಂದು ಕಣ್ಣಿನಿಂದ ಮಗನನ್ನು ನೋಡಿದರು.

"ನಾನೂ ಇದೀನಿ ಕಣಪ್ಪ."

ಅವರು ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಹುಳದ ಮನೆಗೆ ಹೋದರು. ನಾನು ಅತ್ತೆಯ ಕೈಯಿಂದ ಸೀಸೆ ತೆಗೆದುಕೊಂಡು, ಎಡ ಮಂಡಿಗೆ ನಾನೇ ತಿಕ್ಕಿದೆ.